ಲಿಬೋರಿಯಾ ಅತ್ತೆಯ ಕಂಬಳಿ ಹೊದ್ದ ಕುಸ್ಕುಸ್

ಅದಕ್ಕೇ ನಾನು ಹೇಳಿದ್ದು, ಲಿಬೋರಿಯಾ ಅತ್ತೆಗೆ ಇರುವುದು ಕೊಬ್ಬಲ್ಲ ಅಂತ. ಆ ಮಂಗಳವಾರ ನೀವು ಇಟಲಿಯ ಟ್ರಾಪಾನಿ ಊರಿನ ಆ ಅಡುಗೆಮನೆಯಲ್ಲಿ ಇದ್ದಿದ್ದರೆ ನೀವೂ ಅದನ್ನೇ ಹೇಳುತ್ತಿದ್ದಿರಿ. ಪಕ್ಕದ ಮನೆಯವಳಾದ ನಾನಂತೂ ಬಾಗಿಲಲ್ಲೇ ನಿಂತಿದ್ದೆ.

ಆ ಊಟದ ಅಂಗಡಿ ಅತ್ತೆಗೂ ಅವಳ ತಮ್ಮ ಗಾಸ್ಪರೆಗೂ ಸೇರಿದ್ದು. ಆದರೆ ಮೂವತ್ತೊಂದು ವರ್ಷದಿಂದ ಒಲೆಯ ಮುಂದೆ ಇರುವವಳು ಅವಳೊಬ್ಬಳೇ. ಬೆಳಿಗ್ಗೆ ಎದ್ದು ರವೆಗೆ ನೀರು ಚಿಮುಕಿಸಿ, ಬೆರಳ ತುದಿಯಲ್ಲಿ ಸುತ್ತಿ ಸುತ್ತಿ ಸಾಸಿವೆಯಷ್ಟು ಕಾಳು ಮಾಡುತ್ತಾಳೆ, ಅದೇ ಕುಸ್ಕುಸ್. ಹಬೆಯಲ್ಲಿ ಬೇಯಿಸಿ, ಮೀನಿನ ಸಾರು ಬೆರೆಸಿ, ಪಾತ್ರೆಗೆ ಉಣ್ಣೆಯ ಕಂಬಳಿ ಹೊದಿಸಿ ಒಂದು ಗಂಟೆ ಬಿಡುತ್ತಾಳೆ. ಕಾಳು ಸಾರು ಕುಡಿದು ಅರಳುವುದು ಆಗಲೇ. ಅಷ್ಟು ಹೊತ್ತು ಯಾರೂ ಮುಟ್ಟಕೂಡದು.

ಅವತ್ತು ಗ್ರೇಮ್ ಅನ್ನುವ ಪ್ರವಾಸದ ಏಜೆಂಟ್ ಹನ್ನೆರಡು ಜನ ವಿದೇಶಿಯರನ್ನು ಕರೆತರುವವನಿದ್ದ. ಊಟ ಹಿಡಿಸಿದರೆ ಬೇಸಿಗೆ ಪೂರ್ತಿ ಅವನ ಗುಂಪುಗಳೆಲ್ಲ ಇಲ್ಲಿಗೇ. ಹಿಡಿಸದಿದ್ದರೆ ಕುಸ್ಕುಸ್ ನಿಲ್ಲಿಸಿ, ಹೊರಗಿನವರು ಕೇಳುವ ಕೆನೆ ಹಾಕಿದ ಪಾಸ್ತಾ ಶುರು ಮಾಡಬೇಕು ಅಂತ ಗಾಸ್ಪರೆ ಅಕ್ಕನಿಂದ ಮಾತು ತೆಗೆದುಕೊಂಡಿದ್ದ.

ಒಂದೂವರೆಗೆ ಬರಬೇಕಾದವರು ಮುಕ್ಕಾಲು ಗಂಟೆ ಮುಂಚೆಯೇ ಬಂದು ಕೂತರು. ಕಂಬಳಿ ಹೊದಿಸಿ ಹದಿನೈದು ನಿಮಿಷ ಆಗಿತ್ತು ಅಷ್ಟೇ. ಗಾಸ್ಪರೆ ಬ್ರೆಡ್ಡು, ಆಲಿವ್ ಕಾಯಿ ಇಟ್ಟ. ಅದೂ ಖಾಲಿಯಾಯಿತು. ಗ್ರೇಮ್ ಅಡುಗೆಮನೆಗೇ ಬಂದ.

"ಅಮ್ಮಾ, ಸ್ಪಗೆಟ್ಟಿ ಎಲ್ಲಿ? ಮಾಂಸದುಂಡೆ?"

"ಅವೆರಡನ್ನೂ ಸೇರಿಸಿ ತಿನ್ನೋದು ನಿಮ್ಮೂರಲ್ಲಿ ಕಣಪ್ಪಾ. ಇಲ್ಲಿ ಕುಸ್ಕುಸ್."

"ಕುಸ್ಕುಸ್ ಅರಬರದ್ದಲ್ವಾ? ನಮ್ಮವರು ಬಂದಿರೋದು ಇಟಲಿ ಊಟಕ್ಕೆ."

"ನಮಗೆ ರೋಮ್‌ಗಿಂತ ಸಮುದ್ರದಾಚೆ ಅರಬರ ಟ್ಯುನಿಸ್ಸೇ ಹತ್ತಿರ. ನಮ್ಮಜ್ಜಿ ತನ್ನಜ್ಜಿ ಹತ್ರ ಕಲಿತಿದ್ದು ಇದನ್ನ. ಇದು ಇಟಲೀದಲ್ಲ ಅಂದ್ರೆ ನಾನೂ ಅಲ್ಲ."

ಅವನು ಗಡಿಯಾರ ನೋಡಿಕೊಂಡು ಹೊರಗೆ ಹೋದ. ಗಾಸ್ಪರೆ ಒಲೆಯ ಹತ್ತಿರ ಬಂದ.

"ಬಡಿಸಿಬಿಡೇ ಅಕ್ಕಾ. ಅವರಿಗೇನು ಗೊತ್ತಾಗುತ್ತೆ?"

"ನಂಗೆ ಗೊತ್ತಾಗುತ್ತಲ್ಲೋ."

ಅವನು ಕಂಬಳಿಗೇ ಕೈ ಹಾಕಿದ. ಅತ್ತೆ ಅವನ ಕೈ ಮೇಲೆ ತನ್ನ ಕೈ ಇಟ್ಟಳು. ದನಿ ಏರಿಸಲಿಲ್ಲ.

"ಈಗ ತೆಗೆದ್ರೆ ಮುದ್ದೆ ಆಗುತ್ತೆ. ತೆಗೆಯೋದಾದ್ರೆ ತೆಗಿ. ಆಮೇಲೆ ನಿನ್ನ ಪಾಸ್ತಾ ನೀನೇ ಬೇಯಿಸ್ಕೋ, ನಾನು ಈ ಒಲೆ ಹತ್ರ ಬರಲ್ಲ."

ಇಬ್ಬರೂ ಹಾಗೇ ನಿಂತರು. ಕೊನೆಗೆ ಅವನೇ ಕೈ ತೆಗೆದ. ಹೊರಗೆ ಕುರ್ಚಿಗಳು ಸರಿದ ಸದ್ದು ಬಂತು. ಇಣುಕಿ ನೋಡಿದ ಗಾಸ್ಪರೆ, "ನಾಲ್ಕು ಜನ ಎದ್ದು ಹೋದ್ರು" ಅಂದ. ಅತ್ತೆ ಸಾರಿನ ಉಪ್ಪು ನೋಡುತ್ತಿದ್ದಳು.

ಒಂದೂವರೆಗೆ ಬಡಿಸಿದಳು. ಕಾಳು ಕಾಳು ಬಿಡಿಬಿಡಿಯಾಗಿ ಬಿತ್ತು. ಉಳಿದ ಎಂಟು ಜನ ತಟ್ಟೆ ಬಳಿದು ತಿಂದರು. ಗ್ರೇಮ್ ಎರಡನೇ ಸಲ ತಟ್ಟೆ ಚಾಚಿದ. ಹೊರಡುವಾಗ, "ಮುಂದಿನ ಮಂಗಳವಾರ ಒಂದೂವರೆಗೇ ಬರ್ತೀವಿ. ಇಲ್ಲಿ ಕುಸ್ಕುಸ್ಸೇ, ಕಾಯಬೇಕು ಅಂತ ಮೊದಲೇ ಹೇಳಿ ಕರ್ಕೊಂಡ್ ಬರ್ತೀನಿ, ಜನ ಕಮ್ಮಿ ಆಗಬಹುದು" ಅಂದ.

"ಕಮ್ಮೀನಾ?" ಗಾಸ್ಪರೆಯ ಮುಖ ಸಣ್ಣಗಾಯಿತು.

"ಕಾಯೋರು ಬಂದ್ರೆ ಸಾಕು ಕಣೋ. ತಟ್ಟೆ ತೊಳಿ ನಡಿ."

ಅವನು ತೊಳೆದ. ಕೆನೆ ಪಾಸ್ತಾದ ಮಾತು ಇವತ್ತಿಗೂ ಎತ್ತಿಲ್ಲ. ಬಂದರಿನ ಹಿಂದಿನ ಎರಡನೇ ಓಣಿ, ನೀಲಿ ಬಾಗಿಲು. ಒಮ್ಮೆ ಹೋಗಿ ಅತ್ತೆಯನ್ನು ಮಾತಾಡಿಸಿಕೊಂಡು ಬನ್ನಿ. ಬಸ್ಸು ಹಿಡಿಯುವ ಆತುರದಲ್ಲಿ ಮಾತ್ರ ಹೋಗಬೇಡಿ.