ಇಂಜಿನ್ನಿನ ನಾಲಿಗೆಗೆ ಭಂಡಾರ

ಹೋದ ವಾರ ಒಗ್ಗರಣೆಗೆಂದು ಎಣ್ಣೆ ಕಾಯಲಿಟ್ಟು, ಅರಿಶಿನವನ್ನೂ ಹಾಕಿ, ನನ್ನ ಸೊಸೆ ಫೋನು ಬಂತೆಂದು ಹೊರಗೆ ಹೋದಳು. ಅರಿಶಿನ ಸೀದು ಕಪ್ಪಾಯಿತು. ಎಣ್ಣೆಯ ಹೊಗೆಯ ಜೊತೆ ಆ ಕಹಿ ವಾಸನೆ ಪಡಸಾಲೆಯವರೆಗೂ ಬಂತು. ನಾನೇ ಎದ್ದು ಹೋಗಿ ಗ್ಯಾಸ್ ಆಫ್ ಮಾಡಿದೆ. ಅಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಕಟ್ಟೆ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ.

"ಆಯಿ, ಯಾಕ ಇಷ್ಟ ಅಂಜೀರಿ? ಬರೇ ಒಗ್ಗರಣಿ ಸೀದದ" ಎಂದಳು ಸೊಸೆ.

ಆ ವಾಸನೆ ನನ್ನನ್ನು ಸೋಲಾಪುರದ ಒಂದು ಗ್ಯಾರೇಜಿಗೆ, ಬಿಚ್ಚಿಟ್ಟ ಇಂಜಿನ್ನಿನ ಪಕ್ಕಕ್ಕೆ, ನಮ್ಮ ಡ್ರೈವರ್ ಮಾಮಾನ ಮುಖದ ಎದುರಿಗೆ ಒಯ್ದು ನಿಲ್ಲಿಸಿತ್ತು...

ನಮ್ಮ ಕಡೆ ಡ್ರೈವರನನ್ನು ಹೆಸರು ಹಿಡಿದು ಕರೆಯುವುದು ಕಡಿಮೆ, ಎಲ್ಲರಿಗೂ ಆತ ಮಾಮಾ. ಕುರನೂರಿನವನು, ಕುರಿ ಸಾಕುವ ಮನೆತನ, ಕುರಿಗಾರರ ದೇವರು ಬೀರೋಬನ ಭಕ್ತ. ಅಕ್ಕಲಕೋಟೆಯ ನಮ್ಮ ಬಟ್ಟೆ ಅಂಗಡಿಗೆ ಟೆಂಪೋ ನಡೆಸಲು ಬಂದವನು, ಆಮೇಲೆ ನಮ್ಮ ಮನೆಯ ಕಾರಿಗೆ ಬಂದ, ಅಲ್ಲಿಯೇ ಉಳಿದ. ಕಡಿಮೆ ಮಾತು. ಕಾರನ್ನು ಮಾತ್ರ ಎಮ್ಮೆಯ ಹಾಗೆ ಮೈದಡವಿ ಮಾತನಾಡಿಸುತ್ತಿದ್ದ.

ನಮ್ಮವರ ಎರಡೂ ಕಿಡ್ನಿ ಕೈಕೊಟ್ಟ ಮೇಲೆ ನಮ್ಮ ಬದುಕು ಅಕ್ಕಲಕೋಟೆಯಿಂದ ಸೋಲಾಪುರಕ್ಕೆ, ಸೋಲಾಪುರದಿಂದ ಅಕ್ಕಲಕೋಟೆಗೆ ಎಂಬಷ್ಟೇ ಆಯಿತು. ಡಯಾಲಿಸಿಸ್ ಒಂದು ಸಲ ತಪ್ಪಿದರೆ ಕಾಲು ಬಾವು ಬರುತ್ತಿತ್ತು, ಉಸಿರು ಕಟ್ಟುತ್ತಿತ್ತು. ಆ ಕಾರು ನಮಗೆ ಶೋಕಿಯಾಗಿ ಉಳಿಯಲಿಲ್ಲ, ಅದೂ ಒಂದು ಮಷಿನ್ ಆಯಿತು, ಆಸ್ಪತ್ರೆಯ ಮಷಿನ್ನಿನ ಅಕ್ಕನೋ ತಂಗಿಯೋ ಎನ್ನುವಂತೆ. ಮಾಮಾನಿಗೂ ಇದು ಗೊತ್ತಿತ್ತು. ಮೊದಲು ನಿಶ್ಚಿಂತೆಯಾಗಿ ಬೀಡಿ ಸೇದಿಕೊಂಡು ಗೇಟಿನಲ್ಲಿ ನಿಲ್ಲುತ್ತಿದ್ದವನು, ಈಗ ಹೊರಡುವ ದಿನ ಬೆಳಕು ಹರಿಯುವ ಮುಂಚೆ ಬಂದು ಬಾನೆಟ್ ಎತ್ತಿ ಅದರೊಳಗೆ ತಲೆ ಹಾಕಿರುತ್ತಿದ್ದ. ಕೇಳಿದರೆ, "ಏನಿಲ್ರಿ ಬಾಯಾರ, ಸುಮ್ನ ನೋಡಾಕತ್ತೀನಿ" ಎನ್ನುತ್ತಿದ್ದ.

ಬೇಸಿಗೆಯ ಹೊತ್ತಿಗೆ ಆ ಕೆಂಪು ದೀಪ ಕಾಣಿಸಿಕೊಂಡಿತು. ಗಿಂಡಿಯ ಬಾಯಿಂದ ಒಂದು ಹನಿ ಬೀಳುತ್ತಿರುವಂತಹ ಚಿತ್ರ, ಕಾರುಗಳಲ್ಲಿ ಇರುತ್ತದಲ್ಲ, ಅದು. ಸೋಲಾಪುರದ ದಾರಿಯ ವಳಸಂಗದಲ್ಲಿ ಚಹಾಕ್ಕೆಂದು ನಿಂತಾಗ, ಇಂಜಿನ್ ನಿಧಾನವಾಗಿ ಗುರುಗುಡುತ್ತಿರುವಾಗ ಮಿಣುಕಿತು. ಆಕ್ಸಲರೇಟರ್ ಒತ್ತಿದರೆ ಆರಿಹೋಯಿತು. ಮಾಮಾ ಇಳಿದು ಇಂಜಿನ್ ಬಂದ್ ಮಾಡಿ, ಸ್ವಲ್ಪ ತಡೆದು, ಆಯಿಲ್ ನೋಡುವ ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ ನನಗೂ ತೋರಿಸಿದ.

"ನೋಡ್ರಿ, ಆಯಿಲ್ ಬರೋಬ್ಬರಿ ಐತಿ. ಸೆನ್ಸರ್ ಖರಾಬ್ ಆಗಿರಬೇಕ್ರಿ."

ಎಣ್ಣೆ ಇದೆ, ಆದ್ದರಿಂದ ದೀಪ ಸುಳ್ಳು. ನನಗೂ ಅದು ಲಾಜಿಕಲ್ ಎನಿಸಿತು. ಎಲೆಕ್ಟ್ರಿಷಿಯನ್ ಸೆನ್ಸರ್ ಬದಲಿಸಿದ. ಎರಡು ದಿನ ದೀಪ ಸುಮ್ಮನಿತ್ತು. ನಂತರ ಮತ್ತೆ ಬಂತು, ಈ ಸಲ ಸ್ವಲ್ಪ ಹೆಚ್ಚು ಹೊತ್ತು. ಮಾಮಾ ದೀಪವನ್ನು ನೋಡುತ್ತಿದ್ದ, ನಾನು ಮಾಮಾನನ್ನು ನೋಡುತ್ತಿದ್ದೆ. ಹಿಂದಿನ ಸೀಟಿನಲ್ಲಿ ನಮ್ಮವರು ಕಣ್ಣು ಮುಚ್ಚಿಕೊಂಡಿದ್ದರು. ಅವರೆದುರಿಗೆ ನಾವಿಬ್ಬರೂ ದೀಪದ ಮಾತೇ ಎತ್ತುತ್ತಿರಲಿಲ್ಲ.

ಆಮೇಲೆ ಆ ಗುರುವಾರ...

ಹಿಂದಿನ ಸಲ ಆಸ್ಪತ್ರೆಯಲ್ಲಿ ಮಷಿನ್ ಕೆಟ್ಟಿತೆಂದು ಅರ್ಧಕ್ಕೇ ವಾಪಸು ಕಳಿಸಿದ್ದರು. ನಮ್ಮವರಿಗೆ ಇಡೀ ರಾತ್ರಿ ಮಲಗಲು ಆಗಿರಲಿಲ್ಲ, ದಿಂಬಿಗೆ ಒರಗಿ ಕುಳಿತೇ ಇದ್ದರು. ಮುಖ ಊದಿಕೊಂಡಿತ್ತು. ವಳಸಂಗ ದಾಟಿದ್ದೆವು, ಕುಂಭಾರಿ ಇನ್ನೂ ಬಂದಿರಲಿಲ್ಲ. ಕೆಂಪು ದೀಪ ಹತ್ತಿತು, ಆರಲಿಲ್ಲ. ಹಿಂದೆಯೇ ಸದ್ದು. ಟಕ್ ಟಕ್ ಟಕ್ ಎಂದು, ಯಾರೋ ಬಾನೆಟ್ಟಿನ ಒಳಗಿನಿಂದ ಬೆರಳಿನ ಗೆಣ್ಣಿನಿಂದ ಬಡಿದಂತೆ. ಕಾರಿನ ಪುಸ್ತಕವನ್ನು ನಾನು ಓದಿದ್ದೆ. ಸ್ಟಾಪ್ ದಿ ಇಂಜಿನ್ ಇಮ್ಮೀಡಿಯೆಟ್ಲಿ ಎಂದಿತ್ತು. ಆದರೆ ನಿಲ್ಲಿಸಿದರೆ ಇವರನ್ನು ಒಯ್ಯುವುದು ಹೇಗೆ? ನಿಲ್ಲಿಸದಿದ್ದರೆ ಇದು ಎಲ್ಲಿಯವರೆಗೆ ಒಯ್ದೀತು? ಪುಸ್ತಕದಲ್ಲಿ ಅದು ಬರೆದಿರಲಿಲ್ಲ.

"ಕುಂಭಾರಿತನಕ ಹೊಂಟಬಿಡೂಣ್ರಿ ಬಾಯಾರ. ಅಲ್ಲಿ ಬೇರೆ ಗಾಡಿ ಸಿಗತೈತಿ" ಎಂದ ಮಾಮಾ. ಆತನ ಕುತ್ತಿಗೆಯ ಮೇಲೆ ಬೆವರು ಇಳಿಯುತ್ತಿತ್ತು.

ಹಿಂದಿನಿಂದ ನಮ್ಮವರು, ಉಸಿರು ಎಳೆದೆಳೆದು, "ಬಂದ್ ಮಾಡ ಮಾಮಾ. ನನ್ನ ಕಿಡ್ನಿ ಹೋತು, ಅದರದ್ದೂ ಯಾಕ ಕಳೀತಿ?" ಎಂದರು.

ನಗಬೇಕಾದ ಮಾತು. ಯಾರೂ ನಗಲಿಲ್ಲ. ಮಾಮಾ ನಿಲ್ಲಿಸಲೂ ಇಲ್ಲ. ಸದ್ದು ದೊಡ್ಡದಾಯಿತು, ಸುಟ್ಟ ವಾಸನೆ ಬಂತು, ಆಮೇಲೆ ಯಾರೋ ಹಿಂದಿನಿಂದ ಹಿಡಿದು ಎಳೆದಂತೆ ಕಾರು ಒಮ್ಮೆ ಜಗ್ಗಿ ನಿಂತಿತು. ಚಾವಿ ತಿರುಗಿಸಿದರೆ ಒಂದು ಕಟ್ ಎಂಬ ಸದ್ದು, ಅಷ್ಟೇ. ಇಂಜಿನ್ ಬಿಗಿದುಕೊಂಡಿತ್ತು.

ಅಷ್ಟು ಭಯ ನಾನು ಜೀವನದಲ್ಲಿ ಪಟ್ಟಿಲ್ಲ. ಗುರುವಾರವಾದ್ದರಿಂದ ಗಾಡಿಗಳೆಲ್ಲ ಅಕ್ಕಲಕೋಟೆಯ ಸ್ವಾಮಿಗಳ ದರ್ಶನಕ್ಕೆಂದು ನಮ್ಮ ಎದುರಿನಿಂದ ಬರುತ್ತಿದ್ದವು, ಹಾರ ಹಾಕಿಕೊಂಡು, ಭಜನೆ ಹಾಕಿಕೊಂಡು. ನಮಗೆ ಬೇಕಾದ ದಿಕ್ಕಿಗೆ ಒಂದೂ ಇಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್ಸ್ ನಮಗೆ ಕಷ್ಟಕಾಲದಲ್ಲಿ ಮೊದಲು ಕಾಮ್ ಆಗಿ ಕುಳಿತು ಪ್ರೇಯರ್ ಹೇಳಿಕೊಳ್ಳಿ ಎಂದು ಕಲಿಸಿದ್ದರು. ನನಗೆ ಒಂದು ಸಾಲೂ ನೆನಪಾಗಲಿಲ್ಲ. ನಮ್ಮವರ ತುಟಿ ನೀಲಿಯಾಗುತ್ತಿತ್ತು. ಮಾಮಾ ನಡುರಸ್ತೆಯಲ್ಲಿ ಎರಡೂ ಕೈ ಎತ್ತಿ ನಿಂತುಬಿಟ್ಟ. ಕೊನೆಗೆ ಮಾರ್ಕೆಟ್ಟಿಗೆ ಬದನೆಕಾಯಿ ಒಯ್ಯುತ್ತಿದ್ದ ಒಂದು ಪಿಕಪ್ ಗಾಡಿ ನಿಂತಿತು. ನಿಲ್ಲದೆ ಬೇರೆ ದಾರಿಯಿರಲಿಲ್ಲ ಅದಕ್ಕೆ.

"ಸಾಯಾಂವ ಇದ್ದೀ ಏನಪಾ?" ಎಂದು ಅದರ ಡ್ರೈವರ್ ಬೈದ.

"ನಾ ಸತ್ತರ ಸಾಯಲಿ, ನಮ್ಮ ಸಾವ್ಕಾರ್ರನ್ನ ಮುಟ್ಟಸು" ಎಂದು ಮಾಮಾ ನಮ್ಮವರನ್ನು ಬೆನ್ನ ಮೇಲೆ ಹೊತ್ತು ತಂದು ಮುಂದಿನ ಸೀಟಿನಲ್ಲಿ ಕೂರಿಸಿದ. ನಾನು ಪಕ್ಕಕ್ಕೆ ಒತ್ತಿ ಕುಳಿತೆ. ಮಾಮಾ ಕಾರಿನ ಹತ್ತಿರವೇ ಉಳಿದ. ತಿರುಗಿ ನೋಡಿದಾಗ ಬಿಸಿಲಿನಲ್ಲಿ ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ.

ಆಸ್ಪತ್ರೆಯಲ್ಲಿ ಓಡೋಡಿ ಬಂದು ಒಳಗೆ ತೆಗೆದುಕೊಂಡರು. ಬಹಳ ತಡವಾಗಿತ್ತು. ಆದರೂ ಆ ದಿನ ನಮ್ಮವರು ಬದುಕಿ ಹೊರಗೆ ಬಂದರು.

ಮುಂದಿನ ಸಲ ಬಾಡಿಗೆ ಗಾಡಿಯಲ್ಲಿ ಹೋದಾಗ, ನಮ್ಮವರು ಆಸ್ಪತ್ರೆಯ ಒಳಗಿರುವಾಗ ನಾನು ಕಾರನ್ನು ಎಳೆಸಿ ಒಯ್ದಿದ್ದ ಗ್ಯಾರೇಜಿಗೆ ಹೋದೆ. ಮಾಮಾ ಮೊದಲೇ ಅಲ್ಲಿದ್ದ. ಮಿಸ್ತ್ರಿ ಇಂಜಿನ್ನಿನ ತಳದ ತಟ್ಟೆ ಬಿಚ್ಚಿ, ಎಣ್ಣೆ ಮೇಲಕ್ಕೆ ಎಳೆಯುವ ನಳಿಕೆಯ ಜಾಳಿಗೆಯನ್ನು ಕೈಯಲ್ಲಿ ಹಿಡಿದುಕೊಂಡಿದ್ದ. ಅದರ ತುಂಬ ಕರಿ ರಾಡಿ. ಉಗುರಿನಿಂದ ಕೆರೆದರೆ ಒಳಗೆ ಹಳದಿ. ಸೀದ ಎಣ್ಣೆಯ ವಾಸನೆಯ ಕೆಳಗೆ, ಸ್ಪಷ್ಟವಾಗಿ, ಅರಿಶಿನದ ವಾಸನೆ.

"ಎಣ್ಣಿ ತುಂಬ ಇತ್ರಿ ಬಾಯಾರ, ಮ್ಯಾಲ ಏರಾಕ ದಾರೀನ ಇರಲಿಲ್ಲ. ಪ್ರೆಶರ್ ಎಲ್ಲಿಂದ ಬರಬೇಕು? ಬೇರಿಂಗ್ ಒಣಾ ತಿರಗಿ ಸುಟ್ಟಾವ" ಎಂದ ಮಿಸ್ತ್ರಿ. ಆಮೇಲೆ ನಕ್ಕ. "ಇಂಜಿನ್ನಿಗೆ ಹಳದಿ ಹಾಕಿ ಭಾಜಿ ಮಾಡಾವ್ರ ಇದ್ರೇನು ಯಾರರ?"

ಗ್ಯಾರೇಜಿನವರೆಲ್ಲ ನಕ್ಕರು. ಮಾಮಾ ನಗಲಿಲ್ಲ. ಆತನ ಮುಖದ ಬಣ್ಣ ಹೋಗಿತ್ತು.

ಭಂಡಾರವೆಂದರೆ ಬೀರೋಬನ ಗುಡಿಯ ಅರಿಶಿನ. ಅವರ ಮಂದಿ ಹಣೆಗೆ ಹಚ್ಚುತ್ತಾರೆ, ಕುರಿಗಳ ಮೇಲೆ ತೂರುತ್ತಾರೆ, ಜಡ್ಡಾದವರಿಗೆ ಒಂದು ಚಿಟಿಕೆ ನಾಲಿಗೆಯ ಮೇಲೆ ಇಡುತ್ತಾರೆ. ಆಯುಧಪೂಜೆಯ ಖಂಡೇನವಮಿಗೆ ಕಾರಿನ ಮೈಗೂ ಹಚ್ಚುವುದು ಇದ್ದದ್ದೇ. ಆದರೆ ನಮ್ಮವರು ಕಾಯಿಲೆ ಬಿದ್ದ ಮೇಲೆ ಮಾಮಾನಿಗೆ ಅದು ಸಾಲದೆನಿಸಿತ್ತು. ಹೊರಡುವ ದಿನ ಮುಂಜಾನೆ ಆಯಿಲ್ ಹಾಕುವ ಮುಚ್ಚಳ ತೆಗೆದು ಒಳಗೂ ಒಂದು ಚಿಟಿಕೆ ಹಾಕುತ್ತಿದ್ದ. ದೀಪ ಮಿಣುಕಲು ಶುರುವಾದ ಮೇಲೆ ಹೆದರಿ ಚಿಟಿಕೆಯನ್ನು ದೊಡ್ಡದು ಮಾಡಿದ್ದ.

"ನಾಲಿಗಿ ಮ್ಯಾಲ ಇಟ್ಟಂಗ ಅಂತ ತಿಳದಿದ್ನಿರಿ ಬಾಯಾರ..." ಎಂದ, ನನಗೊಬ್ಬಳಿಗೇ ಕೇಳುವಂತೆ.

ನಮ್ಮವರಿಗೆ ಹೇಳಿದೆ. "ನನಗ ನೀ ದಿನಾ ಹಳದಿ ಹಾಲು ಕುಡಸ್ತಿ, ಅಂವ ಇಂಜಿನ್ನಿಗೆ ಕುಡಿಸ್ಯಾನ. ಇಬ್ಬರೂ ಡಾಕ್ಟರ್ ಮಾತ ಕೇಳಾವ್ರಲ್ಲ" ಎಂದರು. ಮಾಮಾನನ್ನು ಕರೆಸಿ, ಇಂಜಿನ್ ರಿಪೇರಿಯಾಗಿ ಬಂದ ದಿನ ಚಾವಿಯನ್ನು ಆತನ ಕೈಗೇ ಕೊಟ್ಟರು. ಆತ ಚಾವಿಯನ್ನು ಕಣ್ಣಿಗೆ ಒತ್ತಿಕೊಂಡು ಟೇಬಲ್ಲಿನ ಮೇಲೆ ಇಟ್ಟ.

"ನನ್ನ ಕೈ ಮ್ಯಾಲ ನನಗ ಭರೋಸಾ ಇಲ್ರಿ ಸಾವ್ಕಾರ್ರ."

ಬೇರೆ ಡ್ರೈವರ್ ಬಂದ. ಆದರೂ ಡಯಾಲಿಸಿಸ್ಸಿನ ದಿನ ಮಾಮಾ ಕುರನೂರಿನಿಂದ ಬಂದು ಡ್ರೈವರನ ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದ. ಹೊಲ, ಬಸ್ಸು, ಎದುರಿನ ಗಾಡಿ ಯಾವುದನ್ನೂ ನೋಡುತ್ತಿರಲಿಲ್ಲ. ಆ ದೀಪ ಹತ್ತುವ ಜಾಗವನ್ನೇ ನೋಡುತ್ತ ಹೋಗುತ್ತಿದ್ದ, ನೋಡುತ್ತಲೇ ಬರುತ್ತಿದ್ದ. ಅದು ಮತ್ತೆ ಹತ್ತಲಿಲ್ಲ. ಆದರೆ ಚಳಿಗಾಲದಲ್ಲಿ ನಮ್ಮವರ ಹೃದಯ ಸೋತಿತು. ಹೋಗಿಬಿಟ್ಟರು.

ಹದಿಮೂರನೆಯ ದಿನದ ಊಟಕ್ಕೆ ಮಾಮಾ ಬಂದ, ಕೂರಲಿಲ್ಲ. ಹೊಸ್ತಿಲ ಆಚೆಯಿಂದಲೇ ಕೇಳಿದ. "ಬಾಯಾರ, ಅವತ್ತ ತಡಾ ಆತಲ್ರಿ... ಅದರಿಂದ ಏನರ ಸಾವ್ಕಾರ್ರ ಆಯುಷ್ಯ ಕಡಿಮಿ ಆತೇನ್ರಿ?"

"ಇಲ್ಲ ಮಾಮಾ, ಹಂಗೇನಿಲ್ಲ" ಎಂದೆ.

ಆಮೇಲೆ ಪ್ರತಿ ಸಲ ಸಿಕ್ಕಾಗಲೂ ಅದನ್ನೇ ಕೇಳುತ್ತಿದ್ದ, ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಮಗನ ಮದುವೆಗೆ ಕರೆಯಲು ಬಂದಾಗಲೂ. ನಾನು ಪ್ರತಿ ಸಲ ಇಲ್ಲ ಎನ್ನುತ್ತಿದ್ದೆ. ಕೇಳಿ, ತಲೆಯಾಡಿಸಿ, ಸ್ವಲ್ಪ ಹಗುರಾಗಿ ಹೋಗುತ್ತಿದ್ದ. ಡಾಕ್ಟರರನ್ನು ನಾನು ಎಂದೂ ಕೇಳಿರಲಿಲ್ಲ. ಹೌದು ಎಂದುಬಿಟ್ಟರೆ ಎಂಬ ಹೆದರಿಕೆ.

ಮಾಮಾ ಹೋಗಿ ಈಗ ಎರಡು ಮಳೆಗಾಲವಾಯಿತು. ಆತನ ಸೊಸೆ ಫೋನು ಮಾಡಿ ತಿಳಿಸಿದ್ದಳು. ಆ ಡಾಕ್ಟರರೂ ಊರು ಬಿಟ್ಟು ಹೋಗಿದ್ದಾರೆ. ಆ ಪ್ರಶ್ನೆಗೆ ಈಗ ನಾನೊಬ್ಬಳೇ ದಿಕ್ಕು. ಒಮ್ಮೊಮ್ಮೆ ಮಧ್ಯಾಹ್ನ ಒಬ್ಬಳೇ ಕುಳಿತಾಗ ಅದನ್ನು ನನಗೆ ನಾನೇ ಕೇಳಿಕೊಳ್ಳುತ್ತೇನೆ. ಮಾಮಾನಿಗೆ ಇಲ್ಲ ಎನ್ನಲು ನಾನಿದ್ದೆ...