ಹಿಮದ ಊರಿಗೆ ಹೊರಟ ಉಪ್ಪಳದ ಐಸ್ ಮೆಕ್ಯಾನಿಕ್

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಉಪ್ಪಳದ ಹೆದ್ದಾರಿಯಿಂದ ಕಡಲಿನ ಕಡೆಗೆ ಇಳಿಯುವ ದಾರಿಯಲ್ಲಿರುವ ಹಳೆಯ ಐಸ್ ಪ್ಲಾಂಟಿನಲ್ಲಿ ಯೋಗೀಶ್ ಗಂಧಕದ ಬತ್ತಿಯೊಂದನ್ನು ಹೊತ್ತಿಸಿಕೊಂಡು ಪೈಪುಗಳ ಉದ್ದಕ್ಕೂ ನಡೆಯುತ್ತಿದ್ದಾರೆ. ದೂರದಿಂದ ನೋಡಿದರೆ ಯಂತ್ರಕ್ಕೆ ಆರತಿ ಎತ್ತಿದ ಹಾಗೆ ಕಾಣುತ್ತದೆ. ಅಮೋನಿಯಾ ಎಲ್ಲಿಯಾದರೂ ಸೋರುತ್ತಿದ್ದರೆ ಈ ಬತ್ತಿಯ ಹೊಗೆ ಅಲ್ಲಿ ದಟ್ಟವಾಗಿ ಬೆಳ್ಳಗಾಗುತ್ತದಂತೆ. ಒಂದು ವಾಲ್ವಿನ ಬಳಿ ಹಾಗೆಯೇ ಆಗುತ್ತದೆ. ಸ್ಪ್ಯಾನರ್ ಹಾಕಿ ಬಿಗಿಮಾಡುತ್ತಾರೆ, ಮತ್ತೆ ಬತ್ತಿ ಹಿಡಿಯುತ್ತಾರೆ. ವಾಸನೆಗೆ ನನ್ನ ಕಣ್ಣು, ಮೂಗು ಎರಡೂ ಸುರಿಯುತ್ತಿವೆ. ಅವರು ಮಾತ್ರ ಆರಾಮವಾಗಿದ್ದಾರೆ.

"ಇನ್ನು ಮೀನಿನ ಗಾಡಿಯವರು ಬರಬಹುದು, ತೊಂದರೆ ಇಲ್ಲ" ಎಂದು ಕೈ ಒರೆಸಿಕೊಳ್ಳುತ್ತಾರೆ.

ನಲವತ್ತು ದಾಟಿದ ಈ ಶೀತಲ ಯಂತ್ರಗಳ ಮೆಕ್ಯಾನಿಕ್ ಮುಂದಿನ ತಿಂಗಳು ಕೆನಡಾಕ್ಕೆ ಹೊರಟಿದ್ದಾರೆ. ತಿರುಗಾಟಕ್ಕಲ್ಲ, ಕಾಯಂ ವಾಸಕ್ಕೆ. ಪೂರ್ವ ಕರಾವಳಿಯ ಒಂದು ಪ್ರಾಂತ್ಯ ಅವರನ್ನು "ಈ ಕುಶಲ ಕೆಲಸಗಾರ ನಮಗೆ ಬೇಕು" ಎಂದು ನಾಮನಿರ್ದೇಶನ ಮಾಡಿದೆ. ಅಲ್ಲಿನ ಸಣ್ಣ ಪಟ್ಟಣವೊಂದರ ಮೀನಿನ ಕಾರ್ಖಾನೆಯಲ್ಲಿ ಕೆಲಸ. ಸುದ್ದಿ ತಿಳಿದಂದಿನಿಂದ ಪ್ಲಾಂಟಿಗೆ ಬರುವ ಮೀನಿನವರಿಗೆ ಬೇರೆ ಮಾತೇ ಇಲ್ಲ.

"ಅಲ್ಲಿ ಅಂಗಳದಲ್ಲೇ ಐಸು ಬೀಳ್ತದಂತೆ. ನಿನಗೆ ಎಂತ ಕೆಲಸ ಮಾರಾಯ?" ಎಂದು ಗಾಡಿಯಿಂದ ಇಳಿಯುತ್ತಲೇ ಒಬ್ಬರು ಕಾಲೆಳೆಯುತ್ತಾರೆ.

ನಿಜ ಹೇಳಬೇಕೆಂದರೆ ಅನುಮಾನ ನನಗೂ ಇತ್ತು. ಯೋಗೀಶ್ ನಗುತ್ತಾರೆ. "ಹೊರಗಿನ ಚಳಿ ನಮ್ಮ ಮಾತು ಕೇಳುವುದಿಲ್ಲ. ಇವತ್ತು ಹೆಚ್ಚು, ನಾಳೆ ಕಮ್ಮಿ. ಮೀನಿಗೆ ಬೇಕಾದ್ದು ಒಂದೇ ನಮೂನೆಯ ಚಳಿ. ಅದಕ್ಕೆ ಮಿಷನ್ನೇ ಆಗಬೇಕು."

ಕಾಸರಗೋಡಿನಲ್ಲಿ ಐಟಿಐ ಕಲಿತ ಯೋಗೀಶ್, ಊರಿನ ಅರ್ಧ ಗಂಡಸರ ಹಾಗೆ ಗಲ್ಫಿಗೆ ಹೋದವರು. ಅಲ್ಲಿ ಹನ್ನೊಂದು ವರ್ಷ ದುಡಿದರು. ಕುಟುಂಬದ ವೀಸಾ ಸಿಗುವಷ್ಟು ಸಂಬಳ ಯಾವತ್ತೂ ಆಗಲಿಲ್ಲ. ಮಗಳು ದೀಕ್ಷಿತಾ ಮೊದಲ ಹೆಜ್ಜೆ ಇಟ್ಟದ್ದನ್ನು ಅವರು ನೋಡಿದ್ದು ಫೋನಿನಲ್ಲಿ. ರಜೆಯಲ್ಲಿ ಬಂದಾಗ ಅವಳು ಅಪ್ಪನ ಗುರುತು ಸಿಗದೆ ಅಮ್ಮನ ಹಿಂದೆ ಅಡಗಿದ್ದಳಂತೆ. ಇದನ್ನು ಹೇಳುವಾಗ ಅವರ ಕೈ ಸುಮ್ಮನೆ ಸ್ಪ್ಯಾನರ್ ಹುಡುಕುತ್ತದೆ.

ಊರಿಗೆ ಮರಳಿ ಈ ಪ್ಲಾಂಟ್ ಸೇರಿದ ಮೇಲೆ ಮೂವರೂ ಒಂದೇ ಸೂರಿನಡಿ ಇದ್ದಾರೆ. ಆದರೆ ಬೇರೆ ಕಡೆ ಹೊಸ ಐಸ್ ಯಂತ್ರಗಳು ಬಂದು ಇಲ್ಲಿಗೆ ಬರುವ ಗಾಡಿಗಳು ಕಡಿಮೆಯಾಗಿವೆ. ಪ್ಲಾಂಟ್ ಮುಚ್ಚುವುದಾಗಿ ಧಣಿಗಳು ಹೇಳಿಬಿಟ್ಟರು. ಅದೇ ಹೊತ್ತಿಗೆ ಗಲ್ಫಿನ ಹಳೆಯ ಕಂಪನಿಯಿಂದ ಮತ್ತೆ ಕರೆ ಬಂತು. ಹೋದರೆ ಮತ್ತೆ ಒಬ್ಬರೇ ಹೋಗಬೇಕಿತ್ತು.

"ಆಗುವುದೇ ಇಲ್ಲ ಅಂತ ಹೇಳಿದೆ" ಎನ್ನುತ್ತಾರೆ ಹೆಂಡತಿ ಹರಿಣಾಕ್ಷಿ. ಮನೆಯ ಚಾವಡಿಯಲ್ಲಿ ಅವರ ಹೊಲಿಗೆ ಯಂತ್ರವಿದೆ, ಸುತ್ತಲೂ ರವಿಕೆ ಬಟ್ಟೆಗಳ ರಾಶಿ. "ಗಂಜಿ ಉಂಡಾದರೂ ಒಟ್ಟಿಗೆ ಇರುವ. ಹೋಗುವುದಾದರೆ ಮೂರೂ ಜನ ಹೋಗುವ. ಫೋನಿನಲ್ಲಿ ಸಂಸಾರ ಮಾಡಿದ್ದು ಸಾಕು."

ಕೆನಡಾದ ದಾರಿ ತೋರಿಸಿದವರು ಕಾಸರಗೋಡಿನ ಬಳಿಯ ನಾಯ್ಮಾರ್ಮೂಲೆಯಲ್ಲಿ ವೀಸಾ ಕಾಗದಪತ್ರಗಳ ಅಂಗಡಿ ಇಟ್ಟಿರುವ ಸುಧೀರ್. ಕೆಲಸದ ಅನುಭವಕ್ಕೆ ಪುರಾವೆ ಸಿಕ್ಕಿತು. ಇಂಗ್ಲಿಷ್ ಪರೀಕ್ಷೆ ಎರಡನೇ ಸಲಕ್ಕೆ ಪಾಸಾಯಿತು. ಮೀನಿನ ಕಾರ್ಖಾನೆಯವರು ಒಪ್ಪಿದರು. ಉಳಿದದ್ದು ಪ್ರಾಂತ್ಯದವರ ವಿಡಿಯೋ ಸಂದರ್ಶನ ಮಾತ್ರ. ಯೋಗೀಶ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತರು. ಕಂಪ್ರೆಸರಿನ ಪ್ರಶ್ನೆಗಳಿಗೆಲ್ಲ ಸಲೀಸಾಗಿ ಉತ್ತರಿಸಿದರು. ಕೊನೆಗೆ ಆ ಕಡೆಯ ಅಧಿಕಾರಿ, ಮುಂದೆ ಏನು ಮಾಡಬೇಕೆಂದಿದ್ದೀರಿ ಎಂದು ಕೇಳಿದರು.

"ನಾನು ಖುಷಿಯಲ್ಲಿ ಹೇಳಿದೆ, ನಿಮಗೆ ಎಂತ ಉಪದ್ರವೂ ಇಲ್ಲ ಮೇಡಂ, ಕಾಂಟ್ರಾಕ್ಟ್ ಮುಗಿದ ಕೂಡಲೇ ನನ್ನ ಊರಿಗೆ ವಾಪಸು ಹೋಗ್ತೇನೆ ಅಂತ."

ಕೆಲವೇ ದಿನಗಳಲ್ಲಿ ಉತ್ತರ ಬಂತು: ಈ ಸಲ ನಾಮನಿರ್ದೇಶನವಿಲ್ಲ.

ತನ್ನ ಇಂಗ್ಲಿಷೇ ಕೆಟ್ಟಿತೆಂದು ಯೋಗೀಶ್ ಕೊರಗಿದರು. ಗಲ್ಫಿನವರಿಗೆ ಹೂಂ ಅನ್ನುವುದೊಂದೇ ಉಳಿದದ್ದು ಎಂದುಕೊಂಡು ಫೋನು ಕೈಗೆತ್ತಿಕೊಂಡದ್ದೂ ಆಯಿತು. ಅಷ್ಟರಲ್ಲಿ ಸುಧೀರ್ ಸಂದರ್ಶನದ ಒಂದೊಂದೇ ಪ್ರಶ್ನೆ, ಉತ್ತರ ವಿಚಾರಿಸುತ್ತಾ ಬಂದು, ಕೊನೆಯ ಉತ್ತರ ಕೇಳಿ ತಲೆಗೆ ಕೈ ಇಟ್ಟುಕೊಂಡರು.

"ಮಾರಾಯ, ಅವರಿಗೆ ಬೇಕಾದ್ದೇ ಉಳಿಯುವ ಜನ! ಆ ಪಟ್ಟಣದಲ್ಲಿ ಮಕ್ಕಳಿಲ್ಲದೆ ಶಾಲೆ ಮುಚ್ಚುವ ಹಾಗೆ ಆಗಿದೆ. ನೀನು ಹೋಗಿ ವಾಪಸು ಬರ್ತೇನೆ ಅಂತ ಹೇಳುವುದಾ?"

ನಗಬೇಡಿ. ನಮ್ಮ ಕಡೆಯ ಯಾರನ್ನು ಕೇಳಿದರೂ ಬಹುಶಃ ಇದನ್ನೇ ಹೇಳುತ್ತಿದ್ದರು. ಗಲ್ಫಿಗೆ ಹೋಗುವವನು ಹೋಗುವುದೇ ಮರಳಿ ಬರಲಿಕ್ಕೆ. ವಾಪಸು ಹೋಗುತ್ತೇನೆ ಎಂದರೆ ಅಲ್ಲಿನವರಿಗೂ ಸಮಾಧಾನ, ಊರಿನವರಿಗೂ ಸಮಾಧಾನ. ಇಲ್ಲೇ ನೆಲೆಸುತ್ತೇನೆ ಎಂದು ಪರಊರಿನವರ ಮುಖಕ್ಕೆ ಹೇಳುವುದು ನಮ್ಮ ಪ್ರಕಾರ ಮರ್ಯಾದೆಯಲ್ಲ. ಹನ್ನೊಂದು ವರ್ಷ ಆ ಉತ್ತರವನ್ನೇ ಕೊಟ್ಟು ಶಹಬ್ಬಾಸ್ ಅನ್ನಿಸಿಕೊಂಡವರು ಯೋಗೀಶ್.

ಕಾರ್ಖಾನೆಯವರಿಗೆ ಬೇರೆ ಮೆಕ್ಯಾನಿಕ್ ಸಿಗಲಿಲ್ಲ. ಅವರು ಪ್ರಾಂತ್ಯಕ್ಕೆ ಮತ್ತೆ ಇವರ ಹೆಸರನ್ನೇ ಕಳಿಸಿದರು. ಎರಡನೇ ಸಂದರ್ಶನಕ್ಕೆ ಮೊದಲು, ಏನೆಲ್ಲ ಹೇಳಬೇಕೆಂದು ಸುಧೀರ್ ಉರುಹೊಡೆಸಿದ್ದರು. ಪ್ರಶ್ನೆ ಬಂದಾಗ ಒಂದೂ ನೆನಪಾಗಲಿಲ್ಲವಂತೆ. ಯೋಗೀಶ್ ಎದ್ದು ಒಳಗೆ ಹೋಗಿ ಹರಿಣಾಕ್ಷಿಯನ್ನೂ ದೀಕ್ಷಿತಾಳನ್ನೂ ಕರೆತಂದು ಪಕ್ಕದಲ್ಲಿ ಕೂರಿಸಿದರು.

"ನಾನು ಇಷ್ಟು ವರ್ಷ ಹೋದಲ್ಲೆಲ್ಲ ಒಬ್ಬನೇ ಇದ್ದವ, ಹಾಗಾಗಿ ವಾಪಸು ಬರಲೇಬೇಕಿತ್ತು ಅಂದೆ. ಇವರು ನನ್ನೊಟ್ಟಿಗೆ ಇದ್ದರೆ ಯಾರಿಗಾಗಿ ವಾಪಸು ಬರ್ಲಿ ಅಂತ ಕೇಳಿದೆ. ಇಂಗ್ಲಿಷ್ ಎಷ್ಟು ಸರಿ ಇತ್ತೋ ಗೊತ್ತಿಲ್ಲ."

ಆ ಅಧಿಕಾರಿ ದೀಕ್ಷಿತಾಳನ್ನು ಯಾವ ಕ್ಲಾಸು ಎಂದು ಕೇಳಿದರು. ಅವಳು ಆರನೆಯದು ಅಂದಳು. ಸಂದರ್ಶನ ಅಷ್ಟಕ್ಕೇ ಮುಗಿಯಿತು. ನಾಮನಿರ್ದೇಶನ ಬಂತು. ಒಂದು ಮಳೆಗಾಲ ಪೂರ್ತಿ ಕಾದ ಮೇಲೆ ಮೂವರಿಗೂ ಕಾಯಂ ವಾಸದ ಅನುಮತಿ ಸಿಕ್ಕಿತು.

ಈಗ ಪ್ಲಾಂಟಿನ ಬಾಗಿಲಲ್ಲಿ ಬಿಸಿಲು ಬಿದ್ದಿದೆ. ಕೊನೆಯ ಗಾಡಿಗೆ ಪುಡಿ ಐಸು ತುಂಬುತ್ತಿದ್ದಾರೆ. ಊರು ಬಿಡಲು ಬೇಸರವಿಲ್ಲವೇ ಎಂದು ನಾನು ಕೇಳುತ್ತೇನೆ. ಯೋಗೀಶ್ ಗಾಡಿಯ ಐಸಿನ ಮೇಲೆ ಗೋಣಿ ಎಳೆಯುತ್ತಾರೆ.

"ಬೇಸರ ಉಂಟು. ಇಲ್ಲ ಅಂದರೆ ಸುಳ್ಳಾಗ್ತದೆ. ಆದರೆ ಒಂದು ವಿಷಯ ನೋಡಿ. ಗಲ್ಫಿಗೆ ಹೊರಡುವಾಗೆಲ್ಲ ಇವರಿಬ್ಬರು ಗೇಟಿನಲ್ಲಿ ನಿಂತು ಕೈ ಬೀಸ್ತಿದ್ರು. ನಾನು ತಿರುಗಿ ನೋಡ್ತಾ ಇರ್ಲಿಲ್ಲ, ಆಗ್ತಿರಲಿಲ್ಲ. ಈ ಸಲ ನಮ್ಮ ಗೇಟಿನಲ್ಲಿ ಕೈ ಬೀಸ್ಲಿಕ್ಕೆ ಯಾರೂ ಇಲ್ಲ. ಮೂರೂ ಜನ ಕಾರಿನ ಒಳಗೇ ಇರ್ತೇವೆ."