ಖರ್ಚಾಗದ ನೆಲ

ನಮ್ಮ ಮನೆಯಲ್ಲಿ ಸೋಪಿಗೆ ಸಾವಿಲ್ಲ, ಪುನರ್ಜನ್ಮವಷ್ಟೇ ಉಂಟು. ಸವೆದು ವೀಳ್ಯದೆಲೆಯಷ್ಟು ತೆಳ್ಳಗಾದ ಬಿಲ್ಲೆಯನ್ನು ಅತ್ತೆ ಹೊಸ ಬಿಲ್ಲೆಯ ಬೆನ್ನಿಗೆ ಒತ್ತಿ ಅಂಟಿಸುತ್ತಾರೆ. ಮದುವೆಯಾಗಿ ಬಿಡದಿ ಹತ್ತಿರದ ಈ ಮನೆಗೆ ಬಂದ ಹೊಸದರಲ್ಲಿ ಇದನ್ನು ದಾರಿದ್ರ್ಯವೆಂದೇ ಭಾವಿಸಿ, ನನ್ನ ಟೀಚರ್ ಸಂಬಳದಿಂದ ಸಂಸಾರವನ್ನು ಉದ್ಧರಿಸುವ ಘನ ಸಂಕಲ್ಪವನ್ನೂ ಮಾಡಿದ್ದೆ. ಮಾವನ ಜೊತೆ ಬ್ಯಾಂಕಿಗೆ ಹೋದ ದಿನ ಅದು ಕರಗಿತು. ಪಿನ್ನು ಚುಚ್ಚಿದ ಹವಾಯಿ ಚಪ್ಪಲಿಯ ಮಾವನನ್ನು ಕಂಡು ಮ್ಯಾನೇಜರು ಎದ್ದು ನಿಂತರು! ಕೈಗಾರಿಕಾ ಪ್ರದೇಶಕ್ಕೆ ಹೋದ ಹೊಲದ ಪರಿಹಾರವೆಲ್ಲ ಅಲ್ಲಿ ಮುಟ್ಟದೆ ಕೂತಿತ್ತು. ಲಾಭಕ್ಕೂ ಲೋಭಕ್ಕೂ ಒಂದೇ ಅಕ್ಷರದ ಅಂತರವೆಂದು ತವರಿನಲ್ಲಿ ನಗೆಚಾಟಿಕೆ ಮಾಡಿದೆ.

ನೀವೂ ನಗುತ್ತಿದ್ದರೆ ತುಸು ತಡೆಯಿರಿ.

ಒಂದು ಬೆಳಿಗ್ಗೆ ಹಾಲು ಕರೆಯುತ್ತಿದ್ದ ಮಾವ ಕೊಟ್ಟಿಗೆಯಲ್ಲೇ ಕುಸಿದು ಕುಳಿತರು. ಅಂಗಿಯೆಲ್ಲ ಬೆವರು, ಎದೆಯ ಮೇಲೆ ಕೈ. ಗಂಡ ಫ್ಯಾಕ್ಟರಿಯ ಶಿಫ್ಟಿಗೆ ಹೋಗಿಯಾಗಿತ್ತು. ಪಕ್ಕದ ಮನೆಯ ಕಾರು ಕರೆಯುತ್ತೇನೆಂದೆ.

"ಬಸ್ಸು ಬತ್ತದೆ, ಸುಮ್ಕಿರವ್ವ," ಎಂದು ಮಾವ ಎದ್ದು ನಡೆದೇಬಿಟ್ಟರು.

ನಾನೂ ಅತ್ತೆಯೂ ಸ್ಟಾಪಿನ ಕಲ್ಲಿನ ಮೇಲೆ ಅವರನ್ನು ಕೂರಿಸಿ ನಿಂತಾಗ ನನಗಾದ ಭಯವನ್ನು ಹೇಗೆ ಹೇಳಲಿ? ಅವರ ತುಟಿ ಬೂದಿಬಣ್ಣಕ್ಕೆ ತಿರುಗುತ್ತಿತ್ತು; ಲಾರಿಗಳು ಧೂಳೆರಚಿ ಹೋಗುತ್ತಿದ್ದವು; ಸರ್ಕಾರಿ ಬಸ್ಸಿನ ಸುಳಿವಿಲ್ಲ. ಉಸಿರು ಇದೆಯೇ ಎಂದು ಅವರ ಎದೆಯನ್ನೇ ನೋಡುತ್ತಿದ್ದೆ, ನೋಡಲು ಹೆದರಿ ಕಣ್ಣು ತಿರುಗಿಸುತ್ತಿದ್ದೆ. ಆಗ, ಗಂಡನ ಮಾತಿಗೆ ಎಂದೂ ಎದುರಾಡದ ಅತ್ತೆ ಸೆರಗು ಬಿಗಿದು ರಸ್ತೆಯ ನಡುವೆ ಹೋಗಿ ಎರಡೂ ಕೈ ಚಾಚಿ ನಿಂತರು. ರಾತ್ರಿ ಪಾಳಿ ಮುಗಿಸಿದವರನ್ನು ರಾಮನಗರಕ್ಕೆ ಒಯ್ಯುತ್ತಿದ್ದ ಫ್ಯಾಕ್ಟರಿ ಬಸ್ಸು ಅವರ ಮೊಣಕಾಲಿನ ಬಳಿ ಬಂದು ಕಿರುಚಿ ನಿಂತಿತು. ನಿದ್ದೆಗಣ್ಣಿನ ಹುಡುಗರು ಇಳಿದು ಮಾವನನ್ನು ಎತ್ತಿ ಒಳಗೆ ಮಲಗಿಸಿದರು.

ಆ ಸ್ಥಿತಿಯಲ್ಲೂ ಮಾವ ಕಣ್ಣು ತೆರೆದು ಕೇಳಿದ್ದು, "ಟಿಕೀಟು ಎಷ್ಟಪ್ಪಾ?"

ರಾಮನಗರದ ಡಾಕ್ಟರು ರಕ್ತನಾಳ ಕಟ್ಟಿದೆ, ತಕ್ಷಣ ಬೆಂಗಳೂರಿಗೆ ಒಯ್ದು ಸ್ಟೆಂಟ್ ಹಾಕಿಸಿ ಎಂದರು. ಮಾವ ಬೇಡವೆಂದು ತಲೆಯಾಡಿಸಿ ನನ್ನ ಕೈ ಹಿಡಿದರು.

"ಆ ದುಡ್ಡು ಮುಟ್ಬ್ಯಾಡಿ ಕಣವ್ವ. ಅದು ದುಡ್ಡಲ್ಲ, ನಮ್ಮಪ್ಪನ ನೆಲ. ಒಸಿ ಕಿತ್ರೂ ಮುಗ್ದೋಯ್ತದೆ."

ನಾನು ಲೋಭವೆಂದು ಹೆಸರಿಟ್ಟಿದ್ದು ಇಷ್ಟು ದಿನವೂ ಭಯವಾಗಿತ್ತು! ಕಣ್ಣೆದುರೇ ಕಾಂಪೌಂಡಾಗಿಹೋದ ಹೊಲ ಕೊನೆಯ ಬಾರಿ, ಪೂರ್ತಿಯಾಗಿ ಕಾಣೆಯಾಗುವ ಭಯ. ಅತ್ತೆ ಅವರ ಹಣೆಯ ಬೆವರು ಒರೆಸುತ್ತ ಮೆಲ್ಲಗೆ ಹೇಳಿದರು:

"ಆ ನೆಲ ನಮ್ಮನ್ನ ಸಾಕ್ತಾ ಇತ್ತಲ್ವಾ. ಈಗ್ಲೂ ಸಾಕ್ಲಿ ಬುಡಿ."

ಮಾವ ಹೂಂ ಎಂದರು.

ಬದುಕಿದರು. ತಿಂಗಳ ತಪಾಸಣೆಗೆ ಕಾರು ತರಿಸಿದಾಗ ತಕರಾರಿಲ್ಲದೆ ಹತ್ತಿದರು. ಫ್ಯಾಕ್ಟರಿಯ ಗೋಡೆ ಬಂದಾಗ ಮಾತ್ರ ಡ್ರೈವರಿಗೆ ನಿಧಾನ ಹೋಗಲು ಹೇಳಿ, ಗಾಜು ಇಳಿಸಿ, ಸಿಮೆಂಟಿನ ಆ ಉದ್ದನೆಯ ಸಾಲನ್ನು ಮುಗಿಯುವವರೆಗೂ ನೋಡಿದರು.

"ಇಲ್ಲಿ ರಾಗಿ ಚೆನ್ನಾಗಿ ಬತ್ತಾ ಇತ್ತು," ಎಂದರು.

ಈ ಸಲ ನಾನೇ ಅವರ ಕೈ ಹಿಡಿದುಕೊಂಡೆ.